ಕಾಯಕದ ಫಲ ದಾನವಲ್ಲ



ವಿಜಯಪುರದ ಸಿದ್ಧೇಶ್ವರ ಜಾತ್ರೆ ಮುಗಿದ ಮರುವಾರದ ಮಾತು. ಸೋಮವಾರ ಬೆಳಗಿನ ಪೂಜೆ ತೀರಿಸಿಕೊಂಡು ತಿಕೋಟಾದ ಮಠದ ಪಡಸಾಲೆಯಲ್ಲಿ ಕುಳಿತಿದ್ದೆ. ಎಪ್ಪತ್ತು ದಾಟಿದ ತಾಯಿಯೊಬ್ಬರು ಬಂದು, ಸೆರಗಿನ ಗಂಟಿನಿಂದ ಒಂದು ಬ್ಯಾಂಕಿನ ಪಾಸ್‌ಬುಕ್ಕನ್ನೂ ಮಡಿಕೆ ಮಡಿಕೆಯಾಗಿ ಹರಿದುಹೋಗಿದ್ದ ಒಂದು ಹಳೆಯ ಕಾಗದವನ್ನೂ ತೆಗೆದು ನನ್ನ ಮುಂದಿಟ್ಟರು. ಆ ಕಾಗದ ಅವರ ಪತಿಯ ಸೈನ್ಯದ ಬಿಡುಗಡೆ ಪತ್ರ. ಹದಿನೇಳು ವರ್ಷ ಸೇವೆ ಮಾಡಿ ಹವಾಲ್ದಾರರಾಗಿ ಮರಳಿ, ಎರಡೂವರೆ ಎಕರೆ ಭೂಮಿಯಲ್ಲಿ ದ್ರಾಕ್ಷಿ ಹಚ್ಚಿ, ಆರು ವರ್ಷಗಳ ಹಿಂದೆ ಲಿಂಗೈಕ್ಯರಾದವರು ಅವರು.

“ಗುರುಗಳ, ಎರಡ ತಿಂಗಳಾತು, ನಮ್ಮ ಮನಿಯವರ ಪೆನ್ಶನ್ ಬಂದಿಲ್ರಿ. ಸರಕಾರ ಮಿಲಿಟರಿಗೆ ಕೊಡೂ ರೊಕ್ಕ ಕಡಿಮಿ ಮಾಡ್ಯದಂತ, ಅದಕ್ಕ ಮುದುಕರದ್ದು ಮೊದಲ ಕಡದಾರಂತ. ಖರೇ ಏನ್ರಿ?” ಎಂದು ಕೇಳಿದರು.

ಈ ಅಂಕಣದಲ್ಲಿ ಸಾಮಾನ್ಯವಾಗಿ ಶರಣರ ನಡೆ-ನುಡಿಗಳ ವಿಚಾರವನ್ನೇ ಬರೆಯುತ್ತ ಬಂದಿರುವ ನನಗೆ ಮುಂಗಡಪತ್ರದ ಲೆಕ್ಕಾಚಾರ ಹೊಸದು. ಆದರೆ ಆ ತಾಯಿಯ ಪ್ರಶ್ನೆ ಒಬ್ಬರ ಪ್ರಶ್ನೆಯಲ್ಲ. ನಮ್ಮ ತಿಕೋಟಾ, ಬಬಲೇಶ್ವರ, ಬಿಜ್ಜರಗಿ ಭಾಗದ ಹಳ್ಳಿಗಳಿಂದ ಬರಗಾಲದ ವರ್ಷಗಳಲ್ಲಿ ಎಷ್ಟೋ ತರುಣರು ಸೈನ್ಯದ ದಾರಿ ಹಿಡಿದಿದ್ದಾರೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರವನ್ನೋ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ದಳವನ್ನೋ ಕಂಡು ಬಂದವರು ನಮ್ಮ ಓಣಿಗಳಲ್ಲಿದ್ದಾರೆ. 1963ರಲ್ಲಿ ವಿಜಯಪುರದಲ್ಲಿ ಸೈನಿಕ ಶಾಲೆ ಆರಂಭವಾದ ಮೇಲಂತೂ ಸೈನಿಕ ಸೇವೆಯ ಹಂಬಲ ಈ ಜಿಲ್ಲೆಯ ಮನೆಗಳಲ್ಲಿ ಬೇರೂರಿದೆ. ಆದುದರಿಂದ ಈ ಸಲ ಆ ತಾಯಿಗೆ ಕೊಟ್ಟ ಉತ್ತರವನ್ನೇ ವಿಸ್ತರಿಸಿ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ನೇರವಾದ ಉತ್ತರ. ಪಿಂಚಣಿಗೆಂದು ತೆಗೆದಿಡುವ ಒಟ್ಟು ಹಣ ಕಡಿಮೆಯಾಗುತ್ತ ಬಂದಿದೆ ಎಂಬುದು ನಿಜವಲ್ಲ. 2022-23ರ ಕೇಂದ್ರ ಮುಂಗಡಪತ್ರದಲ್ಲಿ ರಕ್ಷಣೆಗೆ ಇಟ್ಟದ್ದು ಸುಮಾರು 5.25 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಯ ಪಾಲು ಸುಮಾರು 1.19 ಲಕ್ಷ ಕೋಟಿ. 2025-26ರಲ್ಲಿ ಅದೇ ರಕ್ಷಣಾ ಮೊತ್ತ 6.81 ಲಕ್ಷ ಕೋಟಿಗೂ ಪಿಂಚಣಿಯ ಮೊತ್ತ 1,60,795 ಕೋಟಿಗೂ ಏರಿತು. ಅಂದರೆ ಆ ವರ್ಷ ರಕ್ಷಣೆಗೆಂದು ತೆಗೆದಿಟ್ಟ ಪ್ರತಿ ನೂರು ರೂಪಾಯಿಯಲ್ಲಿ 23ಕ್ಕಿಂತ ಹೆಚ್ಚು ರೂಪಾಯಿ ನಿವೃತ್ತರ ಹಾಗೂ ಅವರ ಕುಟುಂಬಗಳ ಪಾಲಾಗಿತ್ತು. ಹೀಗೆ ಪಡೆಯುವವರ ಸಂಖ್ಯೆ 34 ಲಕ್ಷಕ್ಕೂ ಮಿಗಿಲು. ಇವರಲ್ಲಿ ಸಮವಸ್ತ್ರ ತೊಟ್ಟವರಲ್ಲದೆ ರಕ್ಷಣಾ ಇಲಾಖೆಯ ನಾಗರಿಕ ನೌಕರರೂ ಸೇರಿದ್ದಾರೆಂಬುದನ್ನು ಮರೆಯಬಾರದು. “ಸೈನಿಕರ ಪಿಂಚಣಿ ಬೊಕ್ಕಸ ನುಂಗುತ್ತಿದೆ” ಎನ್ನುವವರು ಈ ಮಾತನ್ನು ಹೇಳುವುದೇ ಇಲ್ಲ.

ಹಾಗಾದರೆ ಕಡಿತವೆಂಬುದು ಬರಿಯ ಗಾಳಿಮಾತೇ? ಅಲ್ಲ. ಕಡಿತ ಡಂಗುರ ಹೊಡೆದು ಬರುವುದಿಲ್ಲ. ಒಮ್ಮೆ ತಡವಾಗಿ ಬರುತ್ತದೆ, ಒಮ್ಮೆ ನಿಯಮದ ಒಂದು ಶಬ್ದದಲ್ಲಿ ಅಡಗಿ ಬರುತ್ತದೆ, ಒಮ್ಮೆ ಇನ್ನೂ ಸೇರದವರ ಮೇಲೆ ಬೀಳುತ್ತದೆ. ಇವನ್ನು ಒಂದೊಂದಾಗಿ ನೋಡುವ ಮುನ್ನ, ಪಿಂಚಣಿ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ.

ಕನ್ನಡ ನಾಡಿಗೆ ಇದು ಆಂಗ್ಲರು ತಂದುಕೊಟ್ಟ ವಿಚಾರವಲ್ಲ. ನಮ್ಮ ಊರೂರುಗಳ ಹೊರವಲಯದಲ್ಲಿ ನಿಂತಿರುವ ವೀರಗಲ್ಲುಗಳನ್ನು ಓದಿದವರಿಗೆ ‘ನೆತ್ತರುಗೊಡಗೆ’ ಎಂಬ ಶಬ್ದ ಪರಿಚಿತ. ತುರುಗಳನ್ನು ಕಾಯುತ್ತಲೋ ಒಡೆಯನ ಪರವಾಗಿ ಕಾದುತ್ತಲೋ ಮಡಿದ ವೀರನ ಮನೆಯವರಿಗೆ ಬಿಡುತ್ತಿದ್ದ ಭೂಮಿಯೇ ನೆತ್ತರುಗೊಡಗೆ. ವೀರನ ಸ್ಮರಣೆಗೆ ಕಲ್ಲು ನಿಲ್ಲಿಸಿ ಕೊಡುವ ಭೂಮಿ ‘ಕಲ್ನಾಡು’. ಪರಾಕ್ರಮ ಮೆರೆದವನ ಖಡ್ಗವನ್ನು ತೊಳೆದು ಮಾಡುವ ಗೌರವ ‘ಬಾಳ್ಗಳ್ಚು’. ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತ, ಒಂಬತ್ತನೆಯ ಶತಮಾನದ ಕೊನೆಗೆ ಸೇರಿದ ಪ್ರಸಿದ್ಧ ವೀರಗಲ್ಲಿನ ಶಾಸನ ಈ ಪದ್ಧತಿಗೆ ಉತ್ತಮ ನಿದರ್ಶನ. ತುಂಬೆಪಾಡಿಯ ಕಾಳಗದಲ್ಲಿ ನಾಗತರನೆಂಬ ನಾಯಕ ಮಡಿದಾಗ, ಗಂಗ ದೊರೆ ಎರೆಯಪ್ಪನು ಇರುಗನಿಗೆ ನಾಗತರನ ಪಟ್ಟವನ್ನು ಕಟ್ಟಿ, ಬೆಂಪೂರು ಮೊದಲಾದ ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟನೆಂದು ಅದು ಸಾರುತ್ತದೆ. ಕೊಟ್ಟ ಊರುಗಳ ಹೆಸರನ್ನೂ ಕಲ್ಲಿನಲ್ಲಿ ಕೊರೆಸಿದ್ದಾರೆ. ಕಾಗದ ಹರಿದುಹೋಗಬಹುದು, ಮುಂದೆ ಬರುವ ಅಧಿಕಾರಿ ಮಾತು ತಪ್ಪಬಹುದು. ಕಲ್ಲು ತಪ್ಪಲಾರದು ಎಂಬುದು ನಮ್ಮ ಪೂರ್ವಿಕರ ಅರಿವಾಗಿತ್ತು.

ಇದೇ ಅರಿವನ್ನು ನಮ್ಮ ಕಾಲದ ನ್ಯಾಯಾಲಯ ಬೇರೆ ಮಾತಿನಲ್ಲಿ ಹೇಳಿತು. 1982ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯ ಡಿ.ಎಸ್. ನಾಕಾರಾ ಅವರ ಮೊಕದ್ದಮೆಯಲ್ಲಿ ತೀರ್ಪು ನೀಡಿತು. ನಾಕಾರಾ ಅವರು ರಕ್ಷಣಾ ಸಚಿವಾಲಯದಲ್ಲಿ ಆರ್ಥಿಕ ಸಲಹೆಗಾರರಾಗಿ 1972ರಲ್ಲಿ ನಿವೃತ್ತರಾದವರು. ಪಿಂಚಣಿಯೆಂಬುದು ಸರ್ಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಯಿಂದ ಗಳಿಸಿದ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಒಂದು ದಿನಾಂಕವನ್ನು ಗೆರೆಯಾಗಿ ಎಳೆದು, ಅದಕ್ಕೆ ಮುಂಚೆ ನಿವೃತ್ತರಾದವರನ್ನು ಹೊಸ ಸೂತ್ರದಿಂದ ಹೊರಗಿಡುವುದು ಸಮಾನತೆಗೆ ವಿರುದ್ಧವೆಂದೂ ನ್ಯಾಯಾಲಯ ಹೇಳಿತು. ಡಿಸೆಂಬರ್ 17ನ್ನು ದೇಶದ ನಿವೃತ್ತರು ಪಿಂಚಣಿದಾರರ ದಿನವೆಂದು ಆಚರಿಸುವುದು ಇದೇ ಕಾರಣದಿಂದ.

ಶರಣ ಧರ್ಮವನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ಕಾಯಕ ಮಾಡಿದವನಿಗೆ ಅದರ ಫಲ ಸಲ್ಲಬೇಕು; ಅದು ಯಾರ ಹಂಗೂ ಅಲ್ಲ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಆ ಮೇಲು-ಕೀಳು ಅಳಿಯುತ್ತದೆ. ಕಾಯಕದ ಫಲದಲ್ಲಿ ಅದು ಹುಟ್ಟುವುದೇ ಇಲ್ಲ. ಹದಿನೇಳು ವರ್ಷ ಹಿಮದಲ್ಲಿಯೂ ಮರಳುಗಾಡಿನಲ್ಲಿಯೂ ನಿಂತು ಬಂದವನ ಮಡದಿ ಯಾವ ಕಚೇರಿಯ ಬಾಗಿಲಲ್ಲಿಯೂ ಕೈಮುಗಿದು ನಿಲ್ಲಬೇಕಾದುದಿಲ್ಲ.

ಇನ್ನು ಸೈನಿಕನ ಪಿಂಚಣಿಗೆ ಉಳಿದವರ ಪಿಂಚಣಿಗಿಲ್ಲದ ಒಂದು ವಿಶೇಷವಿದೆ. ನಮ್ಮ ರಾಜ್ಯ ಸರ್ಕಾರದ ನೌಕರನು 60 ವರ್ಷದವರೆಗೆ ದುಡಿಯುತ್ತಾನೆ. ಸಿಪಾಯಿಯಾದರೋ ಸಾಮಾನ್ಯವಾಗಿ 15ರಿಂದ 19 ವರ್ಷ ಸೇವೆ ಮಾಡಿ, ನಲವತ್ತರ ಒಳಗೇ ಮನೆಗೆ ಮರಳುತ್ತಾನೆ. ಸೈನ್ಯ ತರುಣವಾಗಿರಬೇಕೆಂದು ದೇಶವೇ ಮಾಡಿಕೊಂಡ ಏರ್ಪಾಡು ಇದು. ಮಕ್ಕಳು ಶಾಲೆಯಲ್ಲಿರುವಾಗಲೇ, ತಂದೆ-ತಾಯಿ ಮುಪ್ಪಿಗೆ ಕಾಲಿಟ್ಟಾಗಲೇ ಅವನ ಸಂಬಳ ಅರ್ಧಕ್ಕಿಳಿಯುತ್ತದೆ. ಸಾಮಾನ್ಯ ಸೈನಿಕರಿಗೆ 1973ಕ್ಕೆ ಮುಂಚೆ ಕೊನೆಯ ವೇತನದ ಶೇಕಡಾ 70ರಷ್ಟಿದ್ದ ಪಿಂಚಣಿಯನ್ನು ಮೂರನೆಯ ವೇತನ ಆಯೋಗದ ಬಳಿಕ ಶೇಕಡಾ 50ಕ್ಕೆ ಇಳಿಸಲಾಯಿತೆಂಬುದು ಮಾಜಿ ಸೈನಿಕರ ಸಂಘಗಳು ಅರ್ಧ ಶತಮಾನದಿಂದ ಹೇಳುತ್ತ ಬಂದಿರುವ ನೋವು.

ಬೇಗ ನಿವೃತ್ತನಾಗುವುದರಿಂದ ಇನ್ನೊಂದು ಅನ್ಯಾಯ ಹುಟ್ಟುತ್ತದೆ. 1985ರಲ್ಲಿ ಮನೆಗೆ ಬಂದ ಹವಾಲ್ದಾರನ ಪಿಂಚಣಿ ಅಂದಿನ ಸಂಬಳದ ಮೇಲೆ, 2010ರಲ್ಲಿ ಬಂದ ಹವಾಲ್ದಾರನದು ಹೊಸ ಸಂಬಳದ ಮೇಲೆ ನಿಗದಿಯಾಗುತ್ತದೆ. ಇಬ್ಬರೂ ಒಂದೇ ಪಟ್ಟಿ ತೊಟ್ಟವರು, ಅಷ್ಟೇ ವರ್ಷ ದುಡಿದವರು. ಆದರೆ ಹಿರಿಯನಿಗೆ ಕಡಿಮೆ, ಕಿರಿಯನಿಗೆ ಹೆಚ್ಚು. 1991ರಲ್ಲಿ ಮಾಜಿ ಸೈನಿಕರ ಸಂಘವು ಇದನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಾಗ, ನಾಕಾರಾ ತೀರ್ಪು ಅಷ್ಟು ದೂರ ಚಾಚಲಾರದೆಂಬ ಉತ್ತರ ಬಂದಿತು. ಹೀಗಾಗಿ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಯ ಬೇಡಿಕೆ ಬೀದಿಗಿಳಿಯಿತು. 2011ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯು ಈ ಬೇಡಿಕೆಯನ್ನು ಒಪ್ಪಬೇಕೆಂದಿತು. 2014ರ ಫೆಬ್ರುವರಿಯ ಮಧ್ಯಂತರ ಮುಂಗಡಪತ್ರದಲ್ಲಿ ಇದಕ್ಕೆಂದು 500 ಕೋಟಿ ಇಡಲಾಯಿತು. 2015ರ ಜೂನ್‌ನಿಂದ ದೆಹಲಿಯ ಜಂತರ್ ಮಂತರ್‌ನಲ್ಲಿ ಪದಕ ಧರಿಸಿದ ವೃದ್ಧರು ಬಿಸಿಲಿನಲ್ಲಿ ಧರಣಿ ಕುಳಿತರು. ಆ ವರ್ಷದ ಸೆಪ್ಟೆಂಬರ್ 5ರಂದು ಘೋಷಣೆ, ನವೆಂಬರ್ 7ರಂದು ಆದೇಶ; ಜಾರಿ 2014ರ ಜುಲೈ 1ರಿಂದ ಪೂರ್ವಾನ್ವಯವಾಗಿ. ಪಿಂಚಣಿಯನ್ನು ಐದು ವರ್ಷಕ್ಕೊಮ್ಮೆ ಮರುನಿಗದಿ ಮಾಡಬೇಕೆಂದು ಗೊತ್ತಾಯಿತು.

ಈಗ ಕಡಿತ ಬರುವ ದಾರಿಗಳನ್ನು ನೋಡೋಣ.

ಮೊದಲನೆಯ ದಾರಿ ವಿಳಂಬ. ಐದು ವರ್ಷದ ಲೆಕ್ಕದಂತೆ 2019ರ ಜುಲೈ 1ಕ್ಕೆ ಮರುನಿಗದಿ ಆಗಬೇಕಿತ್ತು, ಆಗಲಿಲ್ಲ. 2022ರ ಮಾರ್ಚ್ 16ರಂದು ಸರ್ವೋಚ್ಚ ನ್ಯಾಯಾಲಯವು ಯೋಜನೆಯ ಸ್ವರೂಪವನ್ನು ಸರ್ಕಾರದ ನೀತಿಗೆ ಬಿಟ್ಟ ವಿಷಯವೆಂದು ಎತ್ತಿಹಿಡಿದು, 2019ರ ಮರುನಿಗದಿಯನ್ನು ಮಾತ್ರ ನಡೆಸಿ ಮೂರು ತಿಂಗಳಲ್ಲಿ ಬಾಕಿ ಕೊಡುವಂತೆ ಆಜ್ಞಾಪಿಸಿತು. ಸಚಿವ ಸಂಪುಟದ ಒಪ್ಪಿಗೆ ದೊರೆತದ್ದು ಡಿಸೆಂಬರ್ 23ರಂದು. ಫಲಾನುಭವಿಗಳು 25 ಲಕ್ಷಕ್ಕೂ ಹೆಚ್ಚು. 2022ರ ಜೂನ್‌ವರೆಗಿನ ಬಾಕಿಯೇ 23,638 ಕೋಟಿ ರೂಪಾಯಿ. ಅದನ್ನೂ ಕಂತುಗಳಲ್ಲಿ ಕೊಡುವ ಮಾತು ಬಂದಾಗ ನ್ಯಾಯಾಲಯ ಮತ್ತೆ ಮಧ್ಯೆ ಬಂದು, 2023ರ ಮಾರ್ಚ್ 20ರಂದು ಗಡುವು ಹಾಕಿತು: ಕುಟುಂಬ ಪಿಂಚಣಿ ಪಡೆಯುವವರಿಗೂ ಶೌರ್ಯ ಪ್ರಶಸ್ತಿ ಪಡೆದವರಿಗೂ ಏಪ್ರಿಲ್ 30ರೊಳಗೆ, ಎಪ್ಪತ್ತು ದಾಟಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ 2024ರ ಫೆಬ್ರುವರಿಯೊಳಗೆ ಮೂರು ಕಂತುಗಳಲ್ಲಿ. ಲೆಕ್ಕಪುಸ್ತಕದಲ್ಲಿ ಒಂದು ಪೈಸೆಯೂ ಕಡಿತವಾಗಲಿಲ್ಲ ನಿಜ. ಆದರೆ 2019ಕ್ಕೂ 2023ಕ್ಕೂ ನಡುವೆ ಲಿಂಗೈಕ್ಯನಾದ ವೃದ್ಧ ಯೋಧನಿಗೆ ಆ ಬಾಕಿ ಸಂದಿತೇ? ಮನೆಯವರಿಗೆ ಸಂದಿರಬಹುದು, ದುಡಿದವನ ಕೈಗೆ ಬರಲಿಲ್ಲ. ತೊಂಬತ್ತರ ಮುದುಕನಿಗೆ ವಿಳಂಬವೇ ಕಡಿತ.

ಎರಡನೆಯದು ತುಟ್ಟಿಪರಿಹಾರದ ತಡೆ. ಇದು ನಿಜವಾದ ಕಡಿತವೇ ಸರಿ. ಕೋವಿಡ್ ಸಂಕಟದ ಕಾಲದಲ್ಲಿ 2020ರ ಜನವರಿ, ಜುಲೈ ಹಾಗೂ 2021ರ ಜನವರಿಯ ಮೂರು ಕಂತುಗಳನ್ನು ಕೇಂದ್ರದ ಎಲ್ಲ ನೌಕರರಿಗೂ ಪಿಂಚಣಿದಾರರಿಗೂ ತಡೆಹಿಡಿಯಲಾಯಿತು. ಸೈನಿಕರೂ ಅದರೊಳಗೆ ಬಂದರು. 2021ರ ಜುಲೈಯಿಂದ ದರವನ್ನು ಶೇಕಡಾ 17ರಿಂದ 28ಕ್ಕೆ ಏರಿಸಿದರಾದರೂ ಆ ಹದಿನೆಂಟು ತಿಂಗಳ ಬಾಕಿಯನ್ನು ಕೊಡಲಿಲ್ಲ. ಕನಿಷ್ಠ ಮೂಲ ಪಿಂಚಣಿಯಾದ 9,000 ರೂಪಾಯಿ ಪಡೆಯುವ ಒಬ್ಬ ವಿಧವೆಯ ಲೆಕ್ಕ ಹಾಕಿದೆ. ಮೊದಲ ಆರು ತಿಂಗಳು ತಿಂಗಳಿಗೆ 360, ನಂತರದ ಆರು ತಿಂಗಳು 630, ಕೊನೆಯ ಆರು ತಿಂಗಳು 990 ರೂಪಾಯಿ. ಒಟ್ಟು 11,880 ರೂಪಾಯಿ. ಸರ್ಕಾರಕ್ಕೆ ಒಟ್ಟಾರೆ ಉಳಿದದ್ದು 34 ಸಾವಿರ ಕೋಟಿಗೂ ಹೆಚ್ಚು. ಆಪತ್ಕಾಲದಲ್ಲಿ ಎಲ್ಲರೂ ಹೊರೆ ಹೊರಬೇಕೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡ ಪಿಂಚಣಿಗೂ ಒಂಬತ್ತು ಸಾವಿರದ ಪಿಂಚಣಿಗೂ ಒಂದೇ ತಕ್ಕಡಿ ಹಿಡಿದದ್ದು ಸರಿಯಾಗಲಿಲ್ಲ.

ಮೂರನೆಯದು ಆರೋಗ್ಯ. ಮಾಜಿ ಸೈನಿಕರ ಕೊಡುಗೆಯಿಂದಲೂ ಸರ್ಕಾರದ ಹಣದಿಂದಲೂ ನಡೆಯುವ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ 2003ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದರ ಚಿಕಿತ್ಸಾಲಯಗಳು ದೊಡ್ಡ ಕಾಯಿಲೆಗಳಿಗೆ ಒಪ್ಪಂದದ ಆಸ್ಪತ್ರೆಗಳಿಗೆ ಕಳಿಸುತ್ತವೆ; ಬಿಲ್ಲನ್ನು ಯೋಜನೆ ತೀರಿಸುತ್ತದೆ. ವರ್ಷದ ಹಣ ಸಾಲದೆ ಬಿಲ್ಲುಗಳು ಉಳಿದಾಗ ಏನಾಗುತ್ತದೆ? ಆಸ್ಪತ್ರೆ ಮೊದಲು ಗೊಣಗುತ್ತದೆ, ಆಮೇಲೆ ‘ಈ ಕಾರ್ಡು ನಡೆಯುವುದಿಲ್ಲ’ ಎನ್ನುತ್ತದೆ. ರೋಗಿ ಕೈಯಿಂದ ಹಣ ಕಟ್ಟಬೇಕಾಗುತ್ತದೆ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೂ ಈ ಕೊರತೆಯನ್ನು ಎತ್ತಿ ತೋರಿಸುತ್ತ ಬಂದಿದೆ. 2024-25ರಲ್ಲಿ ಈ ಯೋಜನೆಗೆ 6,968 ಕೋಟಿ, 2025-26ರಲ್ಲಿ 8,317 ಕೋಟಿ ಇಟ್ಟದ್ದು ಸಮಾಧಾನದ ಸಂಗತಿ. ಹಣ ಇಟ್ಟಂತೆ ಬಿಲ್ಲೂ ಸಕಾಲಕ್ಕೆ ತೀರಿದರೆ ಮಾತ್ರ ಅದು ಹಳ್ಳಿಯ ಹಾಸಿಗೆ ಹಿಡಿದವನನ್ನು ಮುಟ್ಟೀತು.

ನಾಲ್ಕನೆಯದು ನಮ್ಮ ಮನೆಯ ಮಕ್ಕಳಿಗೆ ಸಂಬಂಧಿಸಿದ್ದು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇರುವ ತರುಣನ ಸೇವೆ ನಾಲ್ಕು ವರ್ಷ. ಅವರಲ್ಲಿ ಶೇಕಡಾ 25ರವರೆಗೆ ಮಾತ್ರ ಕಾಯಂ ಸೇವೆಗೆ ತೆಗೆದುಕೊಳ್ಳಲಾಗುತ್ತದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇಕಡಾ 30 ನಿಧಿಗೆ ಜಮೆ. ಸರ್ಕಾರ ಅಷ್ಟನ್ನೇ ಸೇರಿಸಿ, ಬಡ್ಡಿಸಹಿತ ಸುಮಾರು 11.71 ಲಕ್ಷ ರೂಪಾಯಿಯನ್ನು ಬಿಡುಗಡೆಯ ಸಮಯದಲ್ಲಿ ಕೊಡುತ್ತದೆ. ಹೊರಬರುವ ಉಳಿದವರಿಗೆ ಪಿಂಚಣಿಯಿಲ್ಲ, ಉಪದಾನವಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ. ಸೇವೆಯಲ್ಲಿ ಮಡಿದರೆ 48 ಲಕ್ಷದ ವಿಮೆಯೂ ಇತರ ಪರಿಹಾರಧನವೂ ಇವೆ. ಆದರೆ ಕುಟುಂಬ ಪಿಂಚಣಿಯಿಲ್ಲ. ಸೈನ್ಯದ ಸರಾಸರಿ ವಯಸ್ಸನ್ನು 32ರಿಂದ 26ಕ್ಕೆ ತರುವುದು ಉದ್ದೇಶವೆಂದು ಸರ್ಕಾರ ಹೇಳಿದೆ. ಉದ್ದೇಶ ಏನೇ ಇರಲಿ, ಪಿಂಚಣಿಯ ಭಾರ ಮುಂದೆ ಕಡಿಮೆಯಾಗುವುದಂತೂ ಅದರ ಪರಿಣಾಮ. 2023ರ ಜನವರಿಯ ಹೊತ್ತಿಗೆ ತರಬೇತಿಗೆ ಹೋದ ಮೊದಲ ತಂಡದ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದಲ್ಲಿ.

ಕಳೆದ ವರ್ಷ ಮಾಜಿ ಸೈನಿಕರೊಬ್ಬರು ಮಗನನ್ನು ಕರೆತಂದು, “ಗುರುಗಳ, ಇವನ್ನ ಕಳಸ್ಲ್ಯೋ ಬ್ಯಾಡೋ?” ಎಂದು ಕೇಳಿದರು. ಹುಡುಗ ಬೆಳಗಿನ ನಾಲ್ಕಕ್ಕೆದ್ದು ಅಥಣಿ ರಸ್ತೆಯಲ್ಲಿ ಓಡುವವನು. ‘ಹೋಗಬೇಡ’ ಎನ್ನಲು ನನಗೆ ಬಾಯಿ ಬರಲಿಲ್ಲ, ದೇಶಸೇವೆಯೂ ಕಾಯಕವೇ. ನಾನು ಹೇಳಿದ್ದು ಇಷ್ಟೇ: “ನಿಮ್ಮ ಕಾಲದ ಸೈನ್ಯವನ್ನು ಕಣ್ಣಲ್ಲಿಟ್ಟುಕೊಂಡು ಇವನನ್ನು ಕಳಿಸಬೇಡಿ. ನೀವು ಪಿಂಚಣಿಯ ನೆರಳಿನಲ್ಲಿ ಮನೆ ಕಟ್ಟಿದಿರಿ, ಹೆಣ್ಣುಮಕ್ಕಳ ಮದುವೆ ಮಾಡಿದಿರಿ. ಇವನಿಗೆ ಆ ನೆರಳು ನೂರರಲ್ಲಿ ಇಪ್ಪತ್ತೈದು ಪಾಲು ಮಾತ್ರ. ಪದವಿಯ ಓದನ್ನು ಬಿಡಿಸಬೇಡಿ. ಬರುವ ಹಣವನ್ನು ಹೊಸ ಬೋರ್‌ವೆಲ್ಲಿಗೂ ಮದುವೆಯ ಮಂಟಪಕ್ಕೂ ಸುರಿಯಬೇಡಿ. ಇಷ್ಟು ತಿಳಿದೂ ಹೋಗುವ ಮನಸ್ಸಿದ್ದರೆ ಹೆಮ್ಮೆಯಿಂದ ಕಳಿಸಿರಿ.” ತಂದೆ ಬಹಳ ಹೊತ್ತು ಸುಮ್ಮನಿದ್ದರು. ಹುಡುಗ ಮಾತ್ರ “ನಾ ಹೋಗ್ತೀನ್ರಿ” ಎಂದ. ಹೋದ.

ಈ ಸಂದರ್ಭದಲ್ಲಿ ಹೊರದೇಶದ ಒಂದು ಉದಾಹರಣೆ ನೆನೆಯತಕ್ಕದ್ದು. ಅಮೆರಿಕದಲ್ಲಿ 2013ರ ಡಿಸೆಂಬರ್‌ನಲ್ಲಿ ವೆಚ್ಚ ಕಡಿತದ ಒಪ್ಪಂದದ ಅಂಗವಾಗಿ, 62 ವರ್ಷದೊಳಗಿನ ನಿವೃತ್ತ ಸೈನಿಕರ ಪಿಂಚಣಿಗೆ ಬೆಲೆಯೇರಿಕೆಯಂತೆ ಸಿಗುವ ವಾರ್ಷಿಕ ಹೆಚ್ಚಳದಲ್ಲಿ ಶೇಕಡಾ ಒಂದರಷ್ಟನ್ನು ಕಡಿಮೆ ಮಾಡಲು ಕಾನೂನು ಮಾಡಿದರು. ನಿವೃತ್ತ ಯೋಧರು ಒಕ್ಕೊರಲಿನಿಂದ ಪ್ರತಿಭಟಿಸಿದರು. 2014ರ ಫೆಬ್ರುವರಿಯಲ್ಲಿ, ಅದಾಗಲೇ ಸೇವೆಗೆ ಸೇರಿದ್ದವರ ಮಟ್ಟಿಗೆ ಆ ಕಡಿತವನ್ನು ಹಿಂತೆಗೆದುಕೊಂಡರು. ಸಿರಿವಂತ ದೇಶಕ್ಕೂ ಈ ಹೊರೆ ಭಾರವೇ ಎಂಬುದು ಇದರಿಂದ ತಿಳಿಯುತ್ತದೆ. ಮಾತು ಕೊಟ್ಟವರಿಗೆ ಮಾತು ತಪ್ಪಬಾರದೆಂಬ ನೀತಿಯೂ ತಿಳಿಯುತ್ತದೆ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪ ಎತ್ತಬಹುದು. ಬೊಕ್ಕಸ ಅಕ್ಷಯಪಾತ್ರೆಯಲ್ಲ, 2025-26ರಲ್ಲಿ ಹೊಸ ಆಯುಧ, ವಿಮಾನ, ಹಡಗುಗಳೂ ಸೇರಿದ ಒಟ್ಟು ಬಂಡವಾಳ ವೆಚ್ಚಕ್ಕೆ ಇಟ್ಟದ್ದು 1.80 ಲಕ್ಷ ಕೋಟಿ, ಪಿಂಚಣಿಗೆ ಇಟ್ಟದ್ದು ಅದಕ್ಕೆ ತುಸು ಕಡಿಮೆ. ಗಡಿಯಲ್ಲಿರುವ ಇಂದಿನ ಸೈನಿಕನ ಕೈಗೆ ಒಳ್ಳೆಯ ಬಂದೂಕು ಬೇಡವೇ? ಬೇಕು. ಆ ಬೊಕ್ಕಸಕ್ಕೆ ಹಣ ಬರುವುದು ತಿಕೋಟಾದ ಒಣದ್ರಾಕ್ಷಿಯ ವ್ಯಾಪಾರದಿಂದಲೂ ನೇಕಾರನ ಮಗ್ಗದಿಂದಲೂ ಎಂಬುದೂ ನಿಜ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಹಕ್ಕಿನ ಹೆಸರಿನಲ್ಲಿ ಹೆಚ್ಚನ್ನು ಬಯಸುವುದನ್ನು ಶರಣರು ಒಪ್ಪಲಾರರು. ಸುಳ್ಳು ಪ್ರಮಾಣಪತ್ರದಿಂದ ಅಂಗವೈಕಲ್ಯದ ಪಿಂಚಣಿ ಪಡೆಯುವವನು ನಿಜವಾಗಿ ಕಾಲು ಕಳೆದುಕೊಂಡವನ ಅನ್ನವನ್ನು ಕಸಿಯುತ್ತಾನೆ. ಆದರೆ ಲಕ್ಕಮ್ಮನು ಮರಳಿ ಕಳಿಸಿದ್ದು ಹೆಚ್ಚಾದ ಅಕ್ಕಿಯನ್ನು, ದಿನದ ಅಕ್ಕಿಯನ್ನಲ್ಲ. ಒಂಬತ್ತು ಸಾವಿರದ ಪಿಂಚಣಿಯಲ್ಲಿ ಮರಳಿ ಸುರಿಯುವಂಥ ಹೆಚ್ಚು ಏನಿದೆ?

ಆದುದರಿಂದ ನನ್ನ ಅಭಿಪ್ರಾಯ ಇದು. ಸೇವೆಗೆ ಸೇರುವಾಗ ಕೊಟ್ಟ ಮಾತನ್ನು ಸೇವೆ ಮುಗಿದ ಮೇಲೆ ಕಡಿಮೆ ಮಾಡಬಾರದು. ಹಣದ ಬಿಗಿ ಬಂದರೆ ಮೇಲಿನಿಂದ ತೊಡಗಬೇಕು, ವಿಧವೆಯಿಂದಲ್ಲ. ಹೊಸದಾಗಿ ಸೇರುವವರಿಗೆ ನಿಯಮ ಬದಲಿಸುವ ಅಧಿಕಾರ ಸರ್ಕಾರಕ್ಕಿದೆ. ಆದರೆ ರಣರಂಗದಲ್ಲಿ ಮಡಿದವನ ತಂದೆ-ತಾಯಿಗೆ, ಅವನು ಅಗ್ನಿವೀರನೋ ಕಾಯಂ ಸೈನಿಕನೋ ಎಂದು ಕೇಳದೆ, ಒಂದೇ ನೆತ್ತರುಗೊಡಗೆ ಸಲ್ಲಬೇಕು. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೂ ಇದೇ ಆಶಯದ ಶಿಫಾರಸು ಮಾಡಿದೆ. ಸಾವು ನಾಲ್ಕು ವರ್ಷದ ಕರಾರು ನೋಡಿ ಬರುವುದಿಲ್ಲ.

ಇನ್ನು ನಾವು ಮಾಡತಕ್ಕದ್ದು. ಸಿಟ್ಟಿನ ಮಾತಿಗಿಂತ ಕಾಗದದ ಅಚ್ಚುಕಟ್ಟು ಹೆಚ್ಚು ಉಪಯೋಗಕ್ಕೆ ಬರುತ್ತದೆಂಬುದು ನನ್ನ ಅನುಭವ.

ಆ ತಾಯಿಯ ಪಿಂಚಣಿ ನಿಂತದ್ದು ಮುಂಗಡಪತ್ರದಿಂದಲ್ಲ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ತಾವು ಜೀವಂತವಾಗಿದ್ದೇವೆಂದು ತೋರಿಸಬೇಕಾದ ಪ್ರಮಾಣವನ್ನು ಅವರು ಸಲ್ಲಿಸಿರಲಿಲ್ಲ. ಅದರ ಸೂಚನೆ ಬರುತ್ತಿದ್ದುದು ಮೊಮ್ಮಗನ ಮೊಬೈಲಿಗೆ. ಮೊಮ್ಮಗ ಇದ್ದುದು ಪುಣೆಯಲ್ಲಿ. ರಕ್ಷಣಾ ಪಿಂಚಣಿಗಳು ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಗೆ ಬಂದ ಮೇಲೆ ಹಲವರಿಗೆ ಅನುಕೂಲವಾಗಿದೆ. ಆದರೆ 2022ರ ಏಪ್ರಿಲ್ ತಿಂಗಳ ಪಿಂಚಣಿ, ವಾರ್ಷಿಕ ಗುರುತಿನ ಪ್ರಕ್ರಿಯೆ ಆಗದ ಕಾರಣದಿಂದ, 58 ಸಾವಿರಕ್ಕೂ ಹೆಚ್ಚು ಮಂದಿಗೆ ಜಮೆಯಾಗದೆ ಉಳಿದು, ಸರ್ಕಾರ ಅವಧಿ ವಿಸ್ತರಿಸಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಮುಪ್ಪಿನವರ ಬೆರಳ ಗೆರೆ ಸವೆದು ಯಂತ್ರ ಗುರುತಿಸದಿರುವುದೂ ಉಂಟು. ಆದ್ದರಿಂದ ದೀಪಾವಳಿ ಮುಗಿದೊಡನೆ ಈ ಕೆಲಸ ತೀರಿಸಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿರಿ.

ಎರಡನೆಯದಾಗಿ, ಹೆಸರಿನ ತೊಡಕು. ನಮ್ಮ ಭಾಗದಲ್ಲಿ ತವರಿನಲ್ಲಿ ಗಂಗವ್ವ, ಗಂಡನ ಮನೆಯಲ್ಲಿ ಗಂಗಾಬಾಯಿ, ಆಧಾರ್ ಚೀಟಿಯಲ್ಲಿ ಗಂಗಮ್ಮ! ಸೈನ್ಯದ ದಾಖಲೆಯಲ್ಲಿ ಇನ್ನೊಂದು. ಯಜಮಾನರು ಜೀವಂತವಾಗಿರುವಾಗಲೇ ಪತ್ನಿಯ ಹೆಸರು, ಜನ್ಮದಿನಾಂಕ, ಜೋಡಿ ಭಾವಚಿತ್ರ ಇವೆಲ್ಲ ಪಿಂಚಣಿ ಆದೇಶದಲ್ಲಿ ಸರಿಯಾಗಿವೆಯೇ ಎಂದು ನೋಡಿಕೊಂಡರೆ, ಕುಟುಂಬ ಪಿಂಚಣಿಗಾಗಿ ವಿಧವೆ ಅಲೆಯುವುದು ತಪ್ಪುತ್ತದೆ. ಮೂರನೆಯದಾಗಿ, ನಿವೃತ್ತಿಯ ಸಮಯದಲ್ಲಿ ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆದವರಿಗೆ ಹದಿನೈದು ವರ್ಷದ ಬಳಿಕ ಆ ಭಾಗ ಮರಳಿ ಸೇರಬೇಕು. ಸೇರಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ಪರೀಕ್ಷಿಸಿರಿ. ನಾಲ್ಕನೆಯದಾಗಿ, ಪಿಂಚಣಿಗೆ ಅರ್ಹರಾಗದೆ ಬಿಡುಗಡೆಯಾದ, 65 ದಾಟಿದ ಬಡ ಮಾಜಿ ಸೈನಿಕರಿಗೂ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಸಿಗುವ ಮಾಸಿಕ ನೆರವನ್ನು 2025ರ ನವೆಂಬರ್‌ನಿಂದ 4,000ದಿಂದ 8,000 ರೂಪಾಯಿಗೆ ಏರಿಸಲಾಗಿದೆ. ಇದನ್ನು ಬಲ್ಲವರು ಹಳ್ಳಿಗಳಲ್ಲಿ ಕಡಿಮೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು.

ಮಠಗಳಲ್ಲಿ ಅನ್ನದಾಸೋಹ ನಡೆಯುತ್ತದೆ, ಜ್ಞಾನದಾಸೋಹ ನಡೆಯುತ್ತದೆ. ಕಾಗದ ಓದಿ ಹೇಳುವುದೂ ಒಂದು ದಾಸೋಹವಲ್ಲವೇ? ಪ್ರತಿ ಊರಿನ ಓದಿದ ತರುಣ-ತರುಣಿಯರಿಬ್ಬರು ಕಾರ್ತಿಕ ಮಾಸದ ಸೋಮವಾರಗಳಂದು ಮಠದ ಪಡಸಾಲೆಯಲ್ಲಿ ಕುಳಿತು ವೃದ್ಧರ ಪಿಂಚಣಿಯ ಕೆಲಸ ಮಾಡಿಕೊಟ್ಟರೆ, ಅದಕ್ಕೆ ಬೇಕಾದ ವೆಚ್ಚ ಏನೂ ಇಲ್ಲ. ಒಂದು ಮೊಬೈಲು, ಒಂದಿಷ್ಟು ತಾಳ್ಮೆ.

ಆ ತಾಯಿಯ ಪ್ರಮಾಣವನ್ನು ಅದೇ ವಾರ ಸಲ್ಲಿಸಲಾಯಿತು. ನಿಂತ ತಿಂಗಳುಗಳ ಹಣವೂ ಸೇರಿ ಬಂದಿತು. ಹೆಸರಿನ ತಿದ್ದುಪಡಿಗೆ ಮಾತ್ರ ಇನ್ನೂ ಓಡಾಟ ನಡೆದಿದೆ. ಹಣ ಬಂದ ದಿನ ಅವರು ಮಠಕ್ಕೆ ಒಂದು ಚೀಲ ಜೋಳ ತಂದಿಳಿಸಿ, “ಸರಕಾರದವರು ಧರ್ಮಾ ಮಾಡಿದ್ರರಿ ಗುರುಗಳ, ಅವರ ಹೊಟ್ಟಿ ತಣ್ಣಗಿರಲಿ” ಎಂದರು.

“ಧರ್ಮ ಮಾಡಿದವರು ಅವರಲ್ಲ ತಾಯಿ. ಅದು ನಿಮ್ಮ ಯಜಮಾನರ ದುಡಿಮೆ” ಎಂದೆ. ಅವರು ಪಾಸ್‌ಬುಕ್ಕನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಜೋಳ ಅಂದಿನ ದಾಸೋಹಕ್ಕೆ ಸಂದಿತು.

ಓದುಗ ಬಂಧುಗಳೇ, ನಿಮ್ಮ ಓಣಿಯಲ್ಲಿಯೂ ಇಂಥ ಒಂದು ಸೆರಗಿನ ಗಂಟು ಇದ್ದೀತು. ಈ ಸಂಚಿಕೆ ಕೈ ಸೇರಿದ ದಿನವೇ ಹೋಗಿ ಕೇಳಿರಿ. ಶರಣು.